ಅಡಿಗಿಷ್ಟು, ತಲೆಗಿಷ್ಟು

ನಾಲೆಯಾಚೆ ನಮ್ಮ ಬಡಾವಣೆ.
ಮಂಡ್ಯ ಎಂದರೆ ಮಂಡ್ಯವಲ್ಲ,
ಹಳ್ಳಿ ಎಂದರೆ ಹಳ್ಳಿಯವರೇ ನಗುತ್ತಾರೆ.
ಪಂಚಾಯಿತಿಯಲ್ಲಿ ಕೇಳಿದರೆ ನಗರಸಭೆಗೆ ಹೋಗಿ,
ನಗರಸಭೆಯಲ್ಲಿ ಕೇಳಿದರೆ ಇನ್ನೂ ಹಸ್ತಾಂತರವಾಗಿಲ್ಲ.
ಕೈಯಿಂದ ಕೈಗೆ ಹೋಗುವುದಂತೆ ಅದು.
ಎಂಟು ವರ್ಷ ನಮ್ಮಲ್ಲಿ ಕೈಯಿಂದ ಕೈಗೆ ಹೋದದ್ದು
ಕೊಡ ಮಾತ್ರ.

ಲೇಔಟು ಮಾಡಿದವನು ನಕ್ಷೆಯಲ್ಲಿ ಹಸಿರು ಬಳಿದು
ಪಾರ್ಕು ಎಂದು ಬರೆದಿದ್ದ ಜಾಗದಲ್ಲಿ
ಪಾರ್ಥೇನಿಯಂ ಎದೆಯೆತ್ತರ ಬೆಳೆದಿದೆ, ಹಸಿರಾಗಿಯೇ.
ಅವನು ಸುಳ್ಳು ಹೇಳಿಲ್ಲ.

ಹಿಟ್ಟಿನ ಗಿರಣಿಯ ಮುಂದೆ ಸಭೆ.
ಮುನೀರ್ ಸಾಬರು ಲೆಕ್ಕ ಓದಿದರು:
ಒಂದು ಬೋರು, ಒಂದು ಮೋಟರು,
ಇಪ್ಪತ್ತಾರು ಕಂಬಕ್ಕೆ ಬಲ್ಬು,
ಚರಂಡಿಯ ಹೂಳಿಗೆ ತಿಂಗಳಿಗೆರಡು ಸಲ ಟ್ರ್ಯಾಕ್ಟರು,
ವಾಲ್ವು ತಿರುಗಿಸಲು ಒಬ್ಬ ಹುಡುಗ.
ಕೊಡುವವರು ಯಾರು, ಎಷ್ಟು?

ಅಡಿಗಿಷ್ಟು ಅನ್ನಿ, ಎಂದರು ಇಪ್ಪತ್ತು ಮೂವತ್ತರವರು.
ತಲೆಗಿಷ್ಟು ಅನ್ನಿ, ಎಂದರು ಅರವತ್ತು ನಲವತ್ತರವರು,
ಮನೆಯಲ್ಲಿ ಇಬ್ಬರೇ ಇರುವವರು.
ಬಾಡಿಗೆಯವರಿಗೆ ಅಡಿಯಿಲ್ಲ, ತಲೆಯಷ್ಟೇ.
ಖಾಲಿ ಸೈಟಿಗೆ ತಲೆಯಿಲ್ಲ, ಬರೀ ಅಡಿ.
"ನನಗೆ ಸ್ವಂತ ಬೋರಿದೆ, ನಾನ್ಯಾಕೆ?" ಎಂದರು ಗುರುಸಿದ್ದಪ್ಪ.
"ಕತ್ತಲಲ್ಲಿ ಹೊಳೆಯುತ್ತಾ ನಿಮ್ಮ ಬೋರು?"
ಎಂದಳು ಫಿಲೋಮಿನಾ, ಆಸ್ಪತ್ರೆಯ ರಾತ್ರಿಪಾಳಿಯವಳು.
ಒಂದು ಕುರ್ಚಿ ಬಿತ್ತು.
ಮುಗಿಯಿತು ಅಂದುಕೊಂಡೆ.

ಮೂಲೆಯಿಂದ ಜವರಜ್ಜ ಎದ್ದ:
"ನೀವು ಕುಂತಿರಾದು ಗದ್ದೆ ಬಯ್ಲು ಕಣ್ರಪ್ಪ.
ನಮ್ಮಯ್ಯ ಇಲ್ಲಿ ನೀರುಗಂಟಿ.
ಗುದ್ಲಿ ಬುಟ್ರೆ ಆಸ್ತಿಯಿಲ್ಲ.
ಎಕ್ರೆ ಇದ್ದೋನು ಕಣದಲ್ಲಿ ಎಲ್ಡು ಮೊರ ಸುರಿಯೋನು,
ಗುಂಟೆ ಇದ್ದೋನು ಒಂದು ಬೊಗ್ಸೆ.
ಮೊರಕ್ಕೂ ಬೊಗ್ಸೆಗೂ ಸರ್ದಿ ಒಂದೆಯ.
ಬ್ಯಾಸ್ಗೇಲಿ ಮಾತ್ರ ಕೊನೇ ಗದ್ದೆಗೆ ಮೊದ್ಲು ಬುಡೋನು.
ತೂಬಿನ ತಾವಿರೋನು ಒಸಿ ಕಾಯ್ಲಿ,
ನೀರು ಅವುನ್ನ ದಾಟೇ ತಾನೆ ಹೋಗ್ಬೇಕು, ಅನ್ನೋನು."

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮುನೀರ್ ಸಾಬರು ಕಾಗದ ಮಗುಚಿ
ಎರಡು ಗೆರೆ ಎಳೆದರು:
ಒಂದರ ಮೇಲೆ ಮೊರ, ಇನ್ನೊಂದರ ಮೇಲೆ ಬೊಗಸೆ.

ರಸೀದಿ ಪುಸ್ತಕ ನನ್ನ ಪಾಲಿಗೆ ಬಂತು,
ಅಕ್ಷರ ದುಂಡಗಿದೆಯೆಂದು.
ರವಿಕೆಯ ಅಳತೆ ಬರೆದೂ ಬರೆದೂ ದುಂಡಗಾದ ಅಕ್ಷರ.
ಹೊಲಿಗೆ ಮಿಷನ್ನಿನ ಖಾನೆಯಲ್ಲಿ, ಬಾಬಿನ್ನುಗಳ ನಡುವೆ,
ಎಪ್ಪತ್ತೆರಡು ಮನೆಯ ದುಡ್ಡು.
ಮೊದಲ ರಾತ್ರಿ ಮೂರು ಸಲ ಎದ್ದು ಎಣಿಸಿದೆ.
ಒಂದು ನೋಟಿನ ಮೇಲೆ ಯಾರದೋ ಅರಿಶಿನದ ಹೆಬ್ಬೆಟ್ಟು.

ಬಲ್ಬು ಬಂದ ದಿನ ಒಂದು ಎಡವಟ್ಟಾಯಿತು:
ಎಲ್ಲ ಕಾಣಿಸಿಬಿಟ್ಟಿತು.
ಯಾರ ಮನೆಯ ಬಾಳೆಲೆ ಯಾರ ಮನೆಯ ಚರಂಡಿಯಲ್ಲಿ,
ಯಾರ ಗೋಡೆ ರಸ್ತೆಗೆ ಒಂದೂವರೆ ಗೇಣು ನಡೆದು ಬಂದಿದೆ.
ಎಂಟು ವರ್ಷ ಕತ್ತಲೆ ಮನ್ನಾ ಮಾಡಿದ್ದೆಲ್ಲ
ಬೆಳಗಾಗುವುದರೊಳಗೆ ದೂರು.
ಅದನ್ನು ಬರೆಯಲು ಇನ್ನೊಂದು ಪುಸ್ತಕ ತಂದೆ.
ಮೊದಲನೆಯದಕ್ಕಿಂತ ಬೇಗ ತುಂಬಿತು.

ಗುರುಸಿದ್ದಪ್ಪ ಇನ್ನೂ ಕೊಟ್ಟಿಲ್ಲ.
ಅವರ ಗೇಟಿನ ಮುಂದಿನ ಕಂಬ ಆರಿಸೋಣ ಎಂದರು ಕೆಲವರು.
ಫಿಲೋಮಿನಾ ಬರುವ ದಾರಿ ಅದು.
ಬಿಟ್ಟೆವು.

ನಲವತ್ತೊಂದನೇ ಸೈಟಿನ ಯಜಮಾನನ ಮುಖ ಕಂಡವರಿಲ್ಲ.
ತಿಂಗಳು ತಿಂಗಳೂ ಅವನಿಗೊಂದು ರಸೀದಿ ಬರೆದು
ಹರಿಯದೆ ಬಿಡುತ್ತೇನೆ.

ಇವತ್ತು ನಸುಕಿಗೇ ವಾಲ್ವು ತಿರುಗಿತು, ಕೊನೇ ಕ್ರಾಸಿಗೆ.
ನನ್ನದು ಟ್ಯಾಂಕಿನ ಪಕ್ಕದ ಮನೆ.
ಹೊಸ್ತಿಲ ಕೆಳಗೆ ನೀರು
ನನ್ನನ್ನು ದಾಟಿ ಹೋಗುವುದು ಕೇಳುತ್ತಿತ್ತು.
ಕೊಡ ಖಾಲಿ.
ಬಾಬಿನ್ನಿಗೆ ನೂಲು ಸುತ್ತುತ್ತ ಕೂತೆ.